ಸತ್ತ ಲೈನಿನ ದೀಪ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವಳು ಹೇಳುತ್ತಿರುತ್ತಾಳೆ. ಇರಲಿ ಬಿಡಿ. ಕರೆಂಟಿನ ಕೆಲಸದಲ್ಲಿ ಇರುವವನಿಗೆ ಸಿಟ್ಟು ಬೇಕೇ ಬೇಕು ಎಂದು ನಾನು ಬಹಳ ವರ್ಷ ನಂಬಿದ್ದೆ. ಮೆತ್ತಗೆ ಮಾತಾಡಿದರೆ ನಮ್ಮ ಜನ ಕಂಬಕ್ಕೆ ಎಮ್ಮೆ ಕಟ್ಟುತ್ತಾರೆ, ಕಂಬದ ಬಿಗಿತಂತಿಗೆ ಬಟ್ಟೆ ಒಣಹಾಕುತ್ತಾರೆ. ಗದರಿಸಿದರೆ ನಾಲ್ಕು ದಿನ ಹೆದರಿಕೊಂಡು ಇರುತ್ತಾರೆ. ಆದರೆ ಹೆದರಿಕೊಂಡವರು ಏನು ಮಾಡುತ್ತಾರೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಒಬ್ಬ ಮನುಷ್ಯನ ಜೀವ ನನ್ನ ಒಂದು ಮಾತಿನ ಮೇಲೆ ನಿಂತಿತ್ತು.

ಅದು ನಡೆದು ಎಂಟು ವರ್ಷವಾಯಿತು. ಎಂಬತ್ತೊಂದನೆಯ ಇಸವಿಯ ಆಷಾಢ. ದಬ್ಬೇಘಟ್ಟದಿಂದ ಆಚೆಗೆ ಒಂದು ಊರು. ಹೆಸರು ಹೇಳುವುದಿಲ್ಲ, ಆ ಮನೆಯವರು ಇನ್ನೂ ಅಲ್ಲೇ ಇದ್ದಾರೆ, ನಾನು ಅವರ ಮುಖ ನೋಡಬೇಕು. ಊರ ಬಾಗಿಲಲ್ಲಿ ಎರಡು ಕೋಣೆಯ ಕರೆಂಟ್ ಆಫೀಸು. ನಾನು ಅಲ್ಲಿ ಆಪರೇಟರ್, ಮಾಯಣ್ಣ ಲೈನ್‌ಮನ್. ಆಫೀಸು ಎಂದರೆ ನಾವಿಬ್ಬರೇ. ಇಂಜಿನಿಯರ್ ತುರುವೇಕೆರೆಯಿಂದ ವಾರಕ್ಕೊಂದು ಸಲ ಜೀಪಿನಲ್ಲಿ ಬಂದು, ಎಳನೀರು ಕುಡಿದು, ನನ್ನ ಹಲಗೆಯನ್ನು ಹೊಗಳಿ ಹೋಗುತ್ತಿದ್ದರು.

ಆ ಹಲಗೆಯ ಬಗ್ಗೆ ಹೇಳಲೇಬೇಕು. ಆಳುದ್ದದ ಹಲಸಿನ ಹಲಗೆ, ಗೋಡೆಗೆ ಹೊಡೆದಿದ್ದೆ. ಟ್ರಾನ್ಸ್‌ಫಾರ್ಮರಿಗೆ ನಾವು ಟಿ.ಸಿ. ಎನ್ನುತ್ತೇವೆ, ಒಂದೊಂದು ಟಿ.ಸಿ.ಗೆ ಒಂದು ದೊಡ್ಡ ಮೊಳೆ. ಅಲ್ಲಿಂದ ಒಂದೊಂದು ಕಂಬಕ್ಕೆ ಸಣ್ಣ ಮೊಳೆ, ಕಂಬದಿಂದ ಒಂದೊಂದು ಮೋಟರಿಗೆ ಇನ್ನೂ ಸಣ್ಣ ಮೊಳೆ. ಮೊಳೆಯಿಂದ ಮೊಳೆಗೆ ದಾರ. ಮನೆಗಳಿಗೂ ಹಿಟ್ಟಿನ ಗಿರಣಿಗೂ ಕರೆಂಟು ಕೊಡುವ ಊರ ಟಿ.ಸಿ.ಗೆ ಹಳದಿ ದಾರ. ತೋಟಗಳ ಮೋಟರಿಗೆ ಕೊಡುವ ತೋಟದ ಟಿ.ಸಿ.ಗೆ ನೀಲಿ. ತೆಂಗಿನ ಚಿಪ್ಪನ್ನು ಎಂಟಾಣೆ ಅಗಲಕ್ಕೆ ಕೊಯ್ದು, ತೂತು ಕೊರೆದು, ಕೆಂಪು ಬಣ್ಣ ಬಳಿದು ಬಿಲ್ಲೆಗಳನ್ನು ಮಾಡಿಕೊಂಡಿದ್ದೆ. ಯಾವ ಮೊಳೆಗೆ ಬಿಲ್ಲೆ ಹಾಕುತ್ತೇನೋ ಅಲ್ಲಿಂದ ಮುಂದಿನ ದಾರವೆಲ್ಲ ಸತ್ತ ಹಾಗೆ. ಅದಕ್ಕೆ ಅಂಟಿಕೊಂಡ ಕಂಬ, ಮೋಟರು, ದೀಪ ಎಲ್ಲವೂ ಸತ್ತ ಹಾಗೆ. ಒಂದೊಂದನ್ನೂ ಹೋಗಿ ನೋಡುವ ಅಗತ್ಯವಿಲ್ಲ, ಮೂಲಕ್ಕೆ ಒಂದು ಬಿಲ್ಲೆ ಸಾಕು. ನಾಲ್ಕು ವರ್ಷದಲ್ಲಿ ಆ ಹಲಗೆ ಒಂದು ಸಲವೂ ಸುಳ್ಳು ಹೇಳಿರಲಿಲ್ಲ.

ಮಾಯಣ್ಣ ಮಾತ್ರ ಅದನ್ನು ರಂಗೋಲಿ ಎನ್ನುತ್ತಿದ್ದ. ‘ಅಣ್ಣಯ್ನೋರೆ, ನಿಮ್ಮ ರಂಗೋಲಿನಾಗೆ ಎಲ್ಲಾ ಸರ್ಯಾಗೈತೆ. ಹೊರಗೆ ಹೆಂಗೈತೋ ನೋಡ್ಕೊಂಡ್ ಬತ್ತೀನಿ’ ಎಂದು ಸೈಕಲ್ ಹತ್ತುತ್ತಿದ್ದ. ಮೂವತ್ತು ವರ್ಷದ ಗಂಡು, ಬಾಯಲ್ಲಿ ಸದಾ ಒಂದು ಚೂರು ಕೊಬ್ಬರಿ. ಅವನ ತಾಯಿ ಮರಿಯಮ್ಮ ಒಬ್ಬಳೇ ಮನೆಯಲ್ಲಿ; ಶ್ರಾವಣಕ್ಕೆ ಹಾಲ್ಕುರಿಕೆಯ ಕಡೆಯ ಒಂದು ಹೆಣ್ಣನ್ನು ಅವನಿಗೆ ತರುವುದು ಎಂದು ಮಾತಾಗಿತ್ತು. ನಾನು ಬೈದರೂ ನಗುತ್ತಿದ್ದ ಮನುಷ್ಯ ಆ ಊರಿನಲ್ಲಿ ಅವನೊಬ್ಬನೇ.

ಆ ಆಷಾಢದಲ್ಲಿ ಹುಚ್ಚರಂಗಯ್ಯ ತನ್ನ ಪಂಪ್‌ಹೌಸಿನಲ್ಲಿ ಶಾಕ್ ಹೊಡೆದು ಸತ್ತ. ಊರಿಗೆ ಒತ್ತಿಕೊಂಡೇ ಇರುವ ತೋಟ ಅವನದು, ಇನ್ನೂರು ತೆಂಗಿನ ಮರ. ಸಂಜೆ ತೆಂಗಿಗೆ ನೀರು ಬಿಡಲು ಹೋದವನು ಒಳಗಿನ ದೀಪದ ಸ್ವಿಚ್ಚು ಒತ್ತಿ, ಹೆಗಲ ವಲ್ಲಿಯನ್ನು ಗೂಟಕ್ಕೆ ತಗುಲಿಸಿ, ಒದ್ದೆ ಕೈಯಲ್ಲಿ ಮೇನ್ ಸ್ವಿಚ್ಚಿನ ಹಿಡಿ ಎತ್ತಿದ್ದಾನೆ. ಹಿಡಿಯ ಮೇಲೆ ಕೈ ಇಟ್ಟುಕೊಂಡು ಹಾಗೇ ಗೋಡೆಗೆ ಒರಗಿದ್ದನಂತೆ. ಹೆಂಡತಿ ಚಿಕ್ಕಗೌರಮ್ಮ ಬಂದು, ಕೂಗಿ, ಮಾತಾಡಲಿಲ್ಲವಲ್ಲ ಎಂದು ಮುಟ್ಟಲು ಹೋಗುವಷ್ಟರಲ್ಲಿ ಯಾರೋ ಅವಳನ್ನು ಹಿಂದಕ್ಕೆ ಎಳೆದರು.

ಕರೆಂಟಿನಿಂದ ಸಾವಾದರೆ, ದೊಡ್ಡ ಸಾಹೇಬರು ಬಂದು ನೋಡುವ ತನಕ ಆ ಮೋಟರಿಗೆ ಹೋಗುವ ತಂತಿಯನ್ನು ಕಂಬದಿಂದಲೇ ಕಡಿಯಬೇಕು ಎಂಬುದು ಕಾನೂನು. ಆದೇಶ ಬರುವ ಹೊತ್ತಿಗೆ ಐದು ದಿನ ಕಳೆದಿತ್ತು. ನಾನೂ ಮಾಯಣ್ಣನೂ ಹೇಳಿ ಬರಲು ತೋಟಕ್ಕೆ ಹೋದೆವು.

ಹೋಗಿ ನೋಡಿದರೆ ಪಂಪ್‌ಹೌಸಿನ ಬಾಗಿಲಲ್ಲಿ ಚಿಕ್ಕಗೌರಮ್ಮ ಕೂತಿದ್ದಾಳೆ. ಒಳಗೆ ದೀಪ ಉರಿಯುತ್ತಿದೆ. ಹೋಲ್ಡರಿಗೆ ಕಣಗಿಲೆ ಹೂವು ಸಿಕ್ಕಿಸಿದ್ದಾರೆ. ನಮ್ಮ ಕಡೆ ಜೀವ ಹೋದ ಜಾಗದಲ್ಲಿ ಹನ್ನೊಂದು ದಿನ ದೀಪ ಇಡುವುದು ಎಲ್ಲರೂ ಮಾಡುವ ಪದ್ಧತಿ. ಎಣ್ಣೆಯ ದೀಪ ಇಡುತ್ತಾರೆ. ಇವರ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಸತ್ತವರು ಕೊನೆಗೆ ಮುಟ್ಟಿದ್ದನ್ನು ಹನ್ನೊಂದು ದಿನ ಯಾರೂ ಅಲುಗಿಸಬಾರದು. ಉಣ್ಣುತ್ತಾ ಸತ್ತರೆ ತಟ್ಟೆಯನ್ನು, ಮಲಗಿದಲ್ಲೇ ಸತ್ತರೆ ಚಾಪೆಯನ್ನು ಹಾಗೇ ಬಿಡುತ್ತಾರೆ. ಹುಚ್ಚರಂಗಯ್ಯ ಕೊನೆಗೆ ಮುಟ್ಟಿದ್ದು ಈ ಬಲ್ಬಿನ ಸ್ವಿಚ್ಚು, ಆ ಮೇನ್ ಸ್ವಿಚ್ಚಿನ ಹಿಡಿ. ಹಿಡಿ ಅವನು ಎತ್ತಿದಂತೆಯೇ ಮೇಲಕ್ಕಿತ್ತು; ದೀಪಕ್ಕೆ ಕರೆಂಟು ಬರುವುದು ಅದರ ಮೂಲಕವೇ, ಮೋಟರಿನ ಗುಂಡಿ ಒತ್ತುವ ಮುಂಚೆಯೇ ಅವನು ಹೋಗಿದ್ದ. ವಲ್ಲಿ ಗೂಟದಲ್ಲಿತ್ತು. ಮೆಟ್ಟುಗಳು ಬಾಗಿಲ ಹೊರಗೆ, ಒಳಗೆ ಹೋಗುವವನು ಬಿಟ್ಟ ಹಾಗೆ ಇದ್ದವು. ನಿಜ ಹೇಳುತ್ತೇನೆ, ನನಗೆ ಅದನ್ನೆಲ್ಲ ನೋಡಿ ಒಳಗೆ ಹೋಗಲು ಮನಸ್ಸಾಗಲಿಲ್ಲ. ಯಾರೋ ಈಗ ತಾನೇ ಹಿಂದಕ್ಕೆ ಸರಿದು ನಮಗೆ ಜಾಗ ಬಿಟ್ಟ ಹಾಗಿತ್ತು.

ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ‘ಏನವ್ವ ಇದು? ಒಂದು ಜೀವ ತಿಂದ ಸ್ವಿಚ್ಚನ್ನ ಹಂಗೇ ಬುಟ್ಕೊಂಡು ಕೂತಿದ್ದೀಯ? ನಾಳೆ ಮಧ್ಯಾಹ್ನ ಕಂಬದಿಂದ ತಂತಿ ಕಡಿತೀವಿ’ ಎಂದೆ.

‘ಆರು ದಿನ ಬುಡ್ರಪ್ಪ’ ಎಂದಳು ಚಿಕ್ಕಗೌರಮ್ಮ. ‘ಇದು ಅವರೇ ಹಚ್ಚಿದ್ ದೀಪ. ಅವರ ಕೈಯಿಂದ ಹತ್ತಿದ್ದು. ಕರೆಂಟ್ ಹೋದಾಗ ಎಣ್ಣೆ ದೀಪ ಹಿಡ್ಕಂಡು ಕಾಯ್ತೀನಿ, ಮತ್ತೆ ಬಂದೇಟ್ಗೆ ಅದೇ ಹತ್ಕಳ್ತದೆ. ನಿಮ್ ದಮ್ಮಯ್ಯ ಅಂತೀನಿ, ಹನ್ನೊಂದು ಆಗ್ಲಿ, ಆಮೇಲೆ ಕಂಬಾನೇ ಕಿತ್ಕಂಡ್ ಹೋಗ್ರಿ.’

ಪಕ್ಕದಲ್ಲಿ ಅವಳ ತಮ್ಮ ಸಣ್ಣತಿಮ್ಮಯ್ಯ ನಿಂತಿದ್ದ. ತೋಟದ ಬೇಲಿಯಾಚೆಗೆ, ಊರಿನ ಕೊನೆಯ ಮನೆ ಅವನದು. ಅವನು ಏನೋ ಹೇಳಲು ಬಾಯಿ ತೆರೆದ. ನಾನು ಅವನ ಮೇಲೆ ಎಗರಿದೆ. ‘ನೀನ್ ಸುಮ್ಕಿರ್ಲಾ! ನಿಮ್ಮಂಥೋರಿಂದಲೇ ಜನ ಸಾಯೋದು’ ಎಂದೆ. ಅವನು ಬಾಯಿ ಮುಚ್ಚಿಕೊಂಡ. ನನ್ನ ಎದುರು ಅವನು ಮತ್ತೆ ಬಾಯಿ ತೆರೆದದ್ದು ಎಲ್ಲ ಮುಗಿದ ಮೇಲೆ.

ದಾರಿಯಲ್ಲಿ ಮಾಯಣ್ಣ ಸೈಕಲ್ ತಳ್ಳಿಕೊಂಡು ಬರುತ್ತಾ, ‘ಆರು ದಿನ ತಾನೆ ಅಣ್ಣಯ್ನೋರೆ, ಬುಡಿ ಅತ್ಲಾಗೆ. ಸಾಹೇಬ್ರೇನ್ ಬಂದು ಎಣುಸ್ತಾರಾ?’ ಎಂದ.

‘ಆ ಆರು ದಿನದಾಗೆ ಆ ಯಮ್ಮನೂ ಹಿಡೀನ ಮುಟ್ಟಿ ಸತ್ರೆ ನೀನ್ ಬಂದು ಉತ್ತರ ಹೇಳ್ತೀಯೇನ್ಲಾ?’

‘ಅದೂ ಸರಿಯೇ ಬುಡಿ’ ಎಂದ. ನನ್ನ ಮಾತಿನಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ಆ ಮಾತಿನಲ್ಲಿ ತಪ್ಪು ಹುಡುಕುತ್ತೇನೆ, ಸಿಕ್ಕುವುದಿಲ್ಲ.

ಮಾರನೆಯ ದಿನ ಬೆಳಗಿನಿಂದಲೇ ಮೋಡ. ಮಳೆ ಬರಲಿಲ್ಲ, ಗಾಳಿ ಮಾತ್ರ. ಊಟವಾದ ಮೇಲೆ ನಾನು ಹಲಗೆಯ ಮುಂದೆ ನಿಂತು ತೋಟದ ಟಿ.ಸಿ.ಯ ದೊಡ್ಡ ಮೊಳೆಗೆ ಒಂದು ಕೆಂಪು ಬಿಲ್ಲೆ, ಹುಚ್ಚರಂಗಯ್ಯನ ಮೊಳೆಗೆ ಇನ್ನೊಂದು ಬಿಲ್ಲೆ ಹಾಕಿದೆ. ನೀಲಿ ದಾರವೆಲ್ಲ ಸತ್ತಿತು. ಕಾಗದದಲ್ಲಿ ಹೊತ್ತು ಬರೆದು, ಚೀಲ ತೆಗೆದುಕೊಂಡು ಇಬ್ಬರೂ ಹೊರಟೆವು.

ಅರ್ಧ ದಾರಿಯಲ್ಲಿ ಮಾಯಣ್ಣ ಸೈಕಲ್ ನಿಲ್ಲಿಸಿದ. ‘ಥೂ, ಸರಪಳಿ ಮರೆತೆ ಕಣ್ರೀ. ಓಗಿ ತಂದ್ಬುಡ್ಲಾ?’

ಕಂಬ ಹತ್ತುವ ಮುಂಚೆ ತಂತಿಗಳ ಮೇಲೆ ಒಂದು ಕಬ್ಬಿಣದ ಸರಪಳಿ ಎಸೆಯುವುದು ನಮ್ಮ ಕೆಲಸದ ರೂಢಿ. ಲೈನು ಸತ್ತಿದ್ದರೆ ಸರಪಳಿ ಸುಮ್ಮನೆ ನೇತಾಡುತ್ತದೆ. ಬದುಕಿದ್ದರೆ ಚಟೀರ್ ಎಂದು ಕಿಡಿ ಹಾರಿ ಹೇಳಿಬಿಡುತ್ತದೆ. ಹತ್ತು ನಿಮಿಷ ಹಿಂದಕ್ಕೆ ಹೋಗಿ ಬಂದರೆ ಆಗುತ್ತಿತ್ತು.

‘ಹಲಗೆ ಮ್ಯಾಲೆ ಬಿಲ್ಲೆ ಹಾಕಿ ಬಂದಿವ್ನಿ. ನಿನ್ನ ಎದುರಿಗೇ ಫ್ಯೂಸ್ ಕಿತ್ತು ಚೀಲಕ್ಕೆ ಹಾಕ್ಕತೀನಿ. ಇನ್ನೂ ಏನ್ಲಾ ಬೇಕು ನಿಂಗೆ? ನನ್ನ ನಂಬಲ್ವಾ?’ ಎಂದು ಕೇಳಿದೆ.

ಅವನು ನಕ್ಕ. ‘ನಿಮ್ಮನ್ನ ನಂಬದೆ ಇನ್ಯಾರನ್ನ ನಂಬನ, ನಡೀರಿ.’

ಟಿ.ಸಿ.ಯ ಹತ್ತಿರ ಮೂರೂ ಫ್ಯೂಸನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ. ಸುತ್ತಲ ತೋಟಗಳ ಹನ್ನೆರಡು ಮೋಟರುಗಳು ಒಂದೇ ಏಟಿಗೆ ನಿಂತವು. ಅಲ್ಲಿಯ ತನಕ ಆ ಸದ್ದು ಇತ್ತೆಂದು ಗೊತ್ತೇ ಆಗಿರಲಿಲ್ಲ, ನಿಂತ ಮೇಲೆ ಗೊತ್ತಾಯಿತು. ಕಾಲುವೆಯಲ್ಲಿ ನೀರು ಇನ್ನೊಂದು ಗಳಿಗೆ ಹರಿದು, ತೆಳುವಾಗಿ, ನಿಂತಿತು. ಗಾಳಿಯೂ ಬಿದ್ದುಹೋಯಿತು. ಎಲ್ಲೋ ಒಳಗೆ ಒಂದು ಒಣಗರಿ ಗಾಳಿಯಿಲ್ಲದೆಯೇ ಕಳಚಿ ಸರ್ರನೆ ಬಿತ್ತು. ಮಾಯಣ್ಣ ಬೆಚ್ಚಿ ಆ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿ ಹಲ್ಲು ಕಿರಿದ.

ಅವನು ಕಂಬದ ಕಡೆ ಹೋದ. ಪಂಪ್‌ಹೌಸಿನಿಂದ ಮೂವತ್ತು ಹೆಜ್ಜೆ, ಆದರೆ ನಡುವೆ ಬಾಳೆಯ ಸಾಲು, ಕಾಣುವುದಿಲ್ಲ. ನಾನು ಪಂಪ್‌ಹೌಸಿನ ಕಡೆ ಹೋದೆ. ಅವನು ಮೇಲೆ ತಂತಿ ಬಿಡಿಸುವಷ್ಟರಲ್ಲಿ ನಾನು ಒಳಗಿನ ಹಿಡಿ ಇಳಿಸಿ, ಸೀಲು ಹಾಕಬೇಕು, ಅಷ್ಟೇ ಕೆಲಸ. ಬಾಳೆಯ ಆಚೆಯಿಂದ ಅವನ ಕೂಗು ಬಂತು. ‘ಅಣ್ಣಯ್ನೋರೇ, ಸತ್ತೈತಾ?’

‘ಸತ್ತೈತೆ, ಹತ್ತು!’ ಎಂದು ಕೂಗಿದೆ.

ನಾನು ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ. ಹಿಡಿಯನ್ನು ಇಳಿಸಿ ಆಮೇಲೆ ಕೂಗಬೇಕಾಗಿತ್ತು. ಹಲಗೆ ನಂಬಿ ಮೊದಲೇ ಕೂಗಿದೆ.

ಬಾಗಿಲಲ್ಲಿ ಚಿಕ್ಕಗೌರಮ್ಮ, ಅವಳ ಹಿಂದೆ ಇನ್ನೂ ಮೂವರು ಹೆಂಗಸರು. ಯಾರೂ ನನ್ನ ಕಡೆ ತಿರುಗಲಿಲ್ಲ. ಎಲ್ಲರೂ ಒಳಗೆ ನೋಡುತ್ತಿದ್ದರು. ಅವರ ಮುಖದ ಮೇಲೆ ಹಳದಿ ಬೆಳಕು ಇತ್ತು. ಮೊದಲು ನನಗೆ ಅದು ಹೊಳೆಯಲಿಲ್ಲ, ಹೆಂಗಸರ ಮುಖ ಹಳದಿಯಾಗಿದೆ ಎಂದಷ್ಟೇ ಕಂಡಿತು. ಆಮೇಲೆ ಒಳಗೆ ನೋಡಿದೆ.

ದೀಪ ಉರಿಯುತ್ತಿತ್ತು.

ಕಿಟಕಿಯಿಲ್ಲದ, ನಾಡಹೆಂಚಿನ, ಕತ್ತಲೆಯ ಕೋಣೆ. ನಡುವೆ ಕಣಗಿಲೆ ಹೂವಿನ ಕೆಳಗೆ ಆ ಬಲ್ಬು ತಣ್ಣಗೆ ಉರಿಯುತ್ತಿತ್ತು. ಕೆಳಗೆ ವಲ್ಲಿ. ಪಕ್ಕದಲ್ಲಿ ಎತ್ತಿದ ಹಿಡಿ. ನಾನು ಚೀಲಕ್ಕೆ ಕೈ ಹಾಕಿದೆ. ಮೂರು ಫ್ಯೂಸು. ಒಂದು, ಎರಡು, ಮೂರು. ಮತ್ತೆ ಮುಟ್ಟಿ ನೋಡಿದೆ. ಮೂರೇ. ಸುತ್ತ ಒಂದು ಮೋಟರಿನ ಸದ್ದೂ ಇಲ್ಲ. ಆ ದೀಪಕ್ಕೆ ಬರುವ ಕರೆಂಟು ನನ್ನ ಹೆಗಲಿಗೆ ನೇತುಬಿದ್ದಿದೆ, ದೀಪ ಉರಿಯುತ್ತಿದೆ.

‘ನೋಡ್ರಿ ಆಪರೇಟ್ರೇ’ ಎಂದಳು ಚಿಕ್ಕಗೌರಮ್ಮ, ಬಹಳ ಮೆಲ್ಲಗೆ. ‘ನೀವು ಕಡುದ್ರೂ ಅವರು ಬುಡ್ಲಿಲ್ಲ.’

ಹದಿನಾರು ವರ್ಷ ಕರೆಂಟಿನ ಕೆಲಸ ಮಾಡಿದವನು ನಾನು. ದೀಪ ಉರಿಯುತ್ತಿದೆ ಎಂದರೆ ಲೈನು ಬದುಕಿದೆ. ಲೈನು ಬದುಕಿದೆ ಎಂದರೆ ಕಂಬದ ಮೇಲಿನವನನ್ನು ಇಳಿಸಬೇಕು. ಎಳೆಮಗುವಿಗೂ ಗೊತ್ತಾಗುವ ಮಾತು. ನನ್ನ ತಲೆಗೆ ಅದು ಬರಲಿಲ್ಲ. ಬಂದದ್ದು ಏನು ಗೊತ್ತೇ? ಹುಚ್ಚರಂಗಯ್ಯ ಇಲ್ಲೇ ಇದ್ದಾನೆ, ಈ ಗೋಡೆಗೆ ಒರಗಿಕೊಂಡು ನನ್ನನ್ನು ನೋಡುತ್ತಿದ್ದಾನೆ, ನಿನ್ನೆ ಅವನ ಹೆಂಡತಿಯನ್ನು ಗದರಿಸಿದ್ದನ್ನು ಕೇಳಿಸಿಕೊಂಡಿದ್ದಾನೆ ಎಂದು. ಹೆಂಗಸರು ಕೈ ಮುಗಿದರು. ನಾನೂ ಮುಗಿದೆ. ಚೀಲ ಹೆಗಲಲ್ಲಿ, ಎರಡೂ ಕೈ ಎದೆಯ ಮುಂದೆ, ‘ತಪ್ಪಾಯ್ತು ಕಣಪ್ಪ’ ಎಂದು ಬಾಯಿಬಿಟ್ಟು ಅಂದೆ.

ದೀಪ ಒಂದು ಸಲ ಮಂಕಾಯಿತು. ಬಲ್ಬಿನೊಳಗಿನ ಎಳೆ ಕೆಂಪಗಾಗಿ, ಮತ್ತೆ ಹಳದಿಗೆ ಬಂತು.

‘ಒಪ್ಕಂಡ್ರು’ ಎಂದಳು ಹಿಂದಿನ ಹೆಂಗಸು.

ಎರಡನೆಯ ಸಲ ಮಂಕಾಯಿತು. ಈ ಸಲ ಸ್ವಲ್ಪ ಹೆಚ್ಚು ಹೊತ್ತು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಹೇಳಲು ನಾಚಿಕೆಯಿಲ್ಲ. ಚಿಕ್ಕಗೌರಮ್ಮ ಸೆರಗೊಡ್ಡಿ ನೆಲಕ್ಕೆ ಹಣೆ ಹಚ್ಚಿದಳು. ಮೂರನೆಯ ಸಲ ದೀಪ ಮಂಕಾದದ್ದು ಮೇಲೇಳಲಿಲ್ಲ. ಕೆಂಡದ ಹಾಗೆ ಕೆಂಪಗೆ ಹಾಗೇ ನಿಂತಿತು, ಅದರಲ್ಲಿ ಸಣ್ಣ ನಡುಕ.

ಆ ನಡುಕ ನೋಡಿ ನನಗೆ ನಮ್ಮ ಮನೆ ನೆನಪಾಯಿತು. ನಮ್ಮ ಬಾಡಿಗೆ ಮನೆ ಇರುವುದು ಬೋರಯ್ಯನ ಹಿಟ್ಟಿನ ಗಿರಣಿಯ ಪಕ್ಕ. ಬೋರಯ್ಯ ರಾಗಿ ಸುರಿದಾಗಲೆಲ್ಲ ನಮ್ಮ ಮನೆಯ ದೀಪ ಹೀಗೇ ಕೆಂಪಗಾಗಿ ನಡುಗುತ್ತದೆ. ಗಿರಣಿ ಇರುವುದು ಊರ ಟಿ.ಸಿ.ಯ ಮೇಲೆ. ಈ ದೀಪ ಗಿರಣಿಗೆ ಮಂಕಾಗುತ್ತಿದ್ದರೆ ಇದು ಊರ ಟಿ.ಸಿ.ಯ ಕರೆಂಟು. ಹಳದಿ ದಾರ! ಯಾರೋ ಹಳದಿಯನ್ನು ತಂದು ನೀಲಿಗೆ ಕಟ್ಟಿದ್ದಾರೆ. ಹಿಡಿ ಮೇಲಕ್ಕಿದೆ. ಈ ಕೋಣೆಯಿಂದಲೇ ಕರೆಂಟು ಹೊರಗಿನ ಲೈನಿಗೆ ಹೋಗುತ್ತಿದೆ. ಮಾಯಣ್ಣ ಮೇಲಿದ್ದಾನೆ.

‘ಇಳೀಲಾ ಮಾಯಣ್ಣಾ! ಇಳಿಯೋ!’ ಎಂದು ಕಿರುಚುತ್ತಾ ಒಳಗೆ ನುಗ್ಗಿದೆ. ಚಿಕ್ಕಗೌರಮ್ಮ ಎದ್ದು ನನ್ನ ತೋಳು ಹಿಡಿದುಕೊಂಡಳು. ‘ಬ್ಯಾಡ್ರಪ್ಪ, ಅದು ಅವರ್ ಮುಟ್ಟಿದ್ದು, ಹನ್ನೊಂದಾಗಿಲ್ಲ’ ಎಂದು ಜೋತುಬಿದ್ದಳು. ಆ ಬಡಕಲು ಹೆಂಗಸಿಗೆ ಅಷ್ಟು ಬಲ ಎಲ್ಲಿಂದ ಬಂತೋ. ಅವಳನ್ನು ಗೋಡೆಗೆ ತಳ್ಳಿ, ಸತ್ತವನ ವಲ್ಲಿಯನ್ನೇ ಕೈಗೆ ಸುತ್ತಿಕೊಂಡು ಹಿಡಿಯನ್ನು ಕೆಳಕ್ಕೆ ಎಳೆದೆ. ಟಪ್ ಎಂದು ಬಿತ್ತು.

ಹಿಡಿ ಬಿದ್ದ ಕೂಡಲೇ ದೀಪ ಮೇಲೆದ್ದು ಮೊದಲಿನ ಹಾಗೆ ಪೂರ್ತಿ ಉರಿಯಿತು. ಆರಲಿಲ್ಲ. ಹೆಂಗಸರು ಮತ್ತೆ ಕೈ ಮುಗಿದರು.

ನಾನು ಬಾಳೆಯ ಸಾಲು ಹರಿದುಕೊಂಡು ಓಡಿದೆ. ‘ಮಾಯಣ್ಣಾ’ ಎಂದೆ. ಉತ್ತರವಿಲ್ಲ. ಅವನು ಕಂಬದ ತುದಿಯಲ್ಲಿ, ಸೊಂಟದ ಪಟ್ಟಿಗೆ ನೇತುಬಿದ್ದು, ತಲೆ ಹಿಂದಕ್ಕೆ ಹಾಕಿ ಮೋಡ ನೋಡುತ್ತಿದ್ದ. ಕೆಳಗೆ ಹುಲ್ಲಿನ ಮೇಲೆ ಒಂದು ಚೂರು ಕೊಬ್ಬರಿ ಬಿದ್ದಿತ್ತು.

ಇಳಿಸಿದೆವು. ಎದೆ ತಿಕ್ಕಿದೆವು, ಬಾಯಿಗೆ ಗಾಳಿ ಊದಿದೆವು. ಎತ್ತಿನ ಗಾಡಿ ಕಟ್ಟಿಸಿ ಡಾಕ್ಟರ ಹತ್ತಿರ ಒಯ್ದೆವು. ಯಾವುದಕ್ಕೂ ಅವನು ಏಳಲಿಲ್ಲ.

ತಂತಿ ಸಿಕ್ಕಿದ್ದು ಸಂಜೆಗೆ. ಸಣ್ಣತಿಮ್ಮಯ್ಯ ತಾನೇ ಬಂದು, ಆಫೀಸಿನ ಕಟ್ಟೆಯ ಮೇಲೆ ಕುಸಿದು ಹೇಳಿದ. ಹಿಂದಿನ ದಿನ ನಾನು ಗದರಿಸಿ ಹೋದ ಮೇಲೆ ಅಕ್ಕನ ಅಳು ನೋಡಲಾರದೆ, ತನ್ನ ಮನೆಯಿಂದ ಎರಡೆಳೆ ತಂತಿಯನ್ನು ಬೇಲಿಯ ಮೇಲೆ ಹಾಯಿಸಿ, ಹಿಂದಿನ ಗೋಡೆಯ ಸಂದಿಯಿಂದ ಬಲ್ಬಿಗೆ ಜೋಡಿಸಿದ್ದ. ನನ್ನ ಕಣ್ಣಿಗೆ ಬೀಳದಿರಲಿ ಎಂದು ಉದ್ದಕ್ಕೂ ಒಣಗರಿ ಹೊದಿಸಿದ್ದ. ಅಕ್ಕನಿಗೂ ಹೇಳಿರಲಿಲ್ಲ. ಹಿಡಿಯನ್ನು ಇಳಿಸಿದ್ದರೆ ಕರೆಂಟು ಬಲ್ಬಿನಲ್ಲೇ ನಿಲ್ಲುತ್ತಿತ್ತು, ಲೈನಿಗೆ ಹೋಗುತ್ತಿರಲಿಲ್ಲ. ‘ಭಾವ ಮುಟ್ಟಿದ್ದಲ್ವಾ, ಅದುಕ್ಕೆ ಮುಟ್ನಿಲ್ಲ’ ಎಂದ. ಆಮೇಲೆ, ‘ನಿನ್ನೆನೇ ಕೇಳನಾ ಅಂತಿದ್ದೆ, ನಮ್ಮನೆಯಿಂದ ಒಂದೆಳೆ ತಂದು ಕೊಡಬೋದಾ ಅಂತ. ನೀವು ಬಾಯಿ ಬುಡಕ್ಕೆ ಬುಡ್ಲಿಲ್ಲ’ ಎಂದು ಅತ್ತ.

ಅವನಿಗೆ ಹೊಡೆಯಲು ನನ್ನ ಕೈ ಏಳಲಿಲ್ಲ. ಕೇಳಿದ್ದರೆ ನಾನು ಹಿಡಿ ಇಳಿಸಿ, ನನ್ನ ಕೈಯಾರೆ ಆ ಎಳೆ ಕಟ್ಟಿಕೊಡುತ್ತಿದ್ದೆನೋ ಏನೋ. ಕೊಡುತ್ತಿರಲಿಲ್ಲವೋ ಏನೋ. ಒಳಗೆ ಹೋಗಿ ಹಲಗೆ ನೋಡಿದೆ. ನೀಲಿ ದಾರವೆಲ್ಲ ಸತ್ತೇ ಇತ್ತು. ಕೆಂಪು ಬಿಲ್ಲೆ ನೆಟ್ಟಗೆ ನೇತಾಡುತ್ತಿತ್ತು. ಎಷ್ಟು ಸಿಟ್ಟು ಬಂತೆಂದರೆ ಹಲಗೆಯನ್ನೇ ಗೋಡೆಯಿಂದ ಕಿತ್ತು ಒಲೆಗೆ ಹಾಕಿದೆ.

ಮರಿಯಮ್ಮ ಹೆಣದ ಪಕ್ಕ ಕೂತು ಅಳಲಿಲ್ಲ. ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡು ಒಂದೇ ಮಾತು ಕೇಳಿದಳು. ‘ಅಣ್ಣಯ್ಯ, ನೀನು ಅಲ್ಲೇ ಇದ್ಯಲ್ಲಪ್ಪ. ನನ್ ಮಗ ಕೂಗ್ಲಿಲ್ವಾ? ಒಂದ್ ಕಿತನಾದ್ರೂ?’

‘ಇಲ್ಲ ಕಣವ್ವ. ಕೂಗ್ಲಿಲ್ಲ. ಅವನಿಗೆ ಗೊತ್ತೇ ಆಗ್ನಿಲ್ಲ, ಒಂದೇ ಗಳಿಗೆಗೆ ಹೋಯ್ತು’ ಎಂದೆ. ಅಷ್ಟು ಕೇಳಿದ ಮೇಲೆ ಅತ್ತಳು.

ಅದು ನಿಜ ಎಂದೇ ನಾನೂ ನಂಬಿದ್ದೆ. ನಾನು ಹಿಡಿ ಎಳೆಯುವ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು, ಓಡಿದ್ದರೂ ಉಳಿಯುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಗಿರಣಿ ನನ್ನನ್ನು ಎಚ್ಚರಿಸಿತಲ್ಲ, ಅದಾದರೂ ಆಯಿತಲ್ಲ ಎಂದುಕೊಂಡೆ. ಮೂರನೆಯ ದಿನ ಮನೆಯ ಮುಂದೆ ಬೋರಯ್ಯ ಸಿಕ್ಕ. ಹಿಟ್ಟು ಮೆತ್ತಿದ ಹುಬ್ಬಿನ ಮುದುಕ, ನನ್ನ ಕೈ ಹಿಡಿದುಕೊಂಡು ಸಮಾಧಾನ ಹೇಳಿದ. ನಾನು, ‘ನಿನ್ನ ಗಿರಣಿಯಿಂದಲೇ ಬೋರಯ್ಯ ನಂಗೆ ಗೊತ್ತಾಗಿದ್ದು. ನೀನು ರಾಗಿ ಸುರಿದದ್ದು ಆ ದೀಪದಾಗೆ ಕಾಣ್ತು’ ಎಂದೆ.

ಬೋರಯ್ಯ ನನ್ನ ಮುಖವನ್ನೇ ನೋಡಿದ. ‘ಯಾವತ್ತು? ಅವತ್ತಾ? ಅವತ್ತು ಗಿರಣಿ ಎಲ್ಲಿ ಆಡ್ತು ಅಣ್ಣಯ್ಯ? ಬೆಳಿಗ್ಗೇನೇ ಬೆಲ್ಟು ಹರಿದೋಯ್ತು. ಬೀಗ ಜಡ್ಕಂಡು ಬೆಲ್ಟ್ ತರಕ್ಕೆ ತುರುವೇಕೆರೆಗೆ ಓಗಿದ್ದೆ. ಸಂಜೆ ಬಸ್ಸಿಳಿದಾಗ್ಲೇ ಮಾಯಣ್ಣನ ಸುದ್ದಿ ಕೇಳಿದ್ದು.’

ನಾನು ಅಲ್ಲೇ ಗಿರಣಿಯ ಮೆಟ್ಟಿಲ ಮೇಲೆ ಕೂತೆ.

ಊರ ಟಿ.ಸಿ.ಯ ಮೇಲೆ ಬೋರಯ್ಯನ ಗಿರಣಿ ಬಿಟ್ಟರೆ ಬೇರೆ ಮೋಟರಿಲ್ಲ. ಬರೀ ಮನೆಗಳು, ಮನೆಗೆ ಎರಡು ಮೂರು ಬಲ್ಬು. ಆದರೂ ಮನೆ ಮನೆಗೆ ಹೋಗಿ ಕೇಳಿದೆ. ಆ ಮಧ್ಯಾಹ್ನ ಊರಿನಲ್ಲಿ ಯಾರ ಮನೆಯ ದೀಪವೂ ಮಂಕಾಗಿರಲಿಲ್ಲ. ದೀಪ ಹಾಕಿಕೊಂಡು ಬಟ್ಟೆ ಹೊಲಿಯುತ್ತಿದ್ದ ದರ್ಜಿಯೊಬ್ಬ ಖಂಡಿತವಾಗಿ ಹೇಳಿದ, ಆ ಹೊತ್ತಿನಲ್ಲಿ ಒಂದು ಸಲವೂ ದೀಪ ಅಲುಗಲಿಲ್ಲ ಎಂದು. ಹಾಗಾದರೆ ಮಂಕಾದದ್ದು ಆ ಒಂದು ಬಲ್ಬು ಮಾತ್ರ. ಅದಕ್ಕೂ ಕಂಬ ಹತ್ತಿದವನಿಗೂ ನಡುವೆ ಇದ್ದದ್ದು ಒಂದು ಹಿಡಿ, ಮೂವತ್ತು ಹೆಜ್ಜೆ ತಂತಿ.

ಲೆಕ್ಕದ ಪ್ರಕಾರ ಹಾಗಾಗುವುದಿಲ್ಲ. ಮನುಷ್ಯನ ಮೈಯಲ್ಲಿ ಹರಿಯುವಷ್ಟು ಕರೆಂಟಿಗೆ ಬಲ್ಬು ಮಂಕಾಗುವುದಿಲ್ಲ. ಇಂಜಿನಿಯರ್ ಕೂಡ ಹಾಗೇ ಹೇಳಿದರು. ನಾನು ಕಾಗದದ ಮೇಲೆ ನೂರು ಸಲ ಲೆಕ್ಕ ಹಾಕಿದ್ದೇನೆ. ಆಗುವುದಿಲ್ಲ. ಚಿಕ್ಕಗೌರಮ್ಮನನ್ನು ಕೇಳಿದರೆ, ‘ಅವರೇ ಕಣ್ರೀ, ಕಂಬದ ಮ್ಯಾಲೆ ಇನ್ನೊಂದು ಜೀವ ಐತೆ, ಇಳ್ಸು ಅಂತ ಹೇಳಿದ್ರು. ನಮ್ಗೆ ಗೊತ್ತಾಗ್ನಿಲ್ಲ’ ಎನ್ನುತ್ತಾಳೆ. ಅದನ್ನೇ ನಂಬೋಣ ಎಂದು ನಾನೂ ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಆದರೆ ನಾನು ಹಿಡಿ ಇಳಿಸಿ ಲೈನನ್ನು ಬೇರೆ ಮಾಡಿದ ಗಳಿಗೆಗೇ ಆ ದೀಪ ಚೆನ್ನಾಗಿ ಉರಿಯಿತು. ಅದನ್ನು ನನ್ನ ಎರಡೂ ಕಣ್ಣಿನಿಂದ ನೋಡಿದ್ದೇನೆ.

ಗಿರಣಿ ಆಡಿದಾಗ ನಮ್ಮ ಮನೆಯ ದೀಪ ಈಗಲೂ ಮಂಕಾಗುತ್ತದೆ. ಉಣ್ಣುತ್ತಿದ್ದರೂ ಬಿಟ್ಟೆದ್ದು ಬಾಗಿಲ ತನಕ ಓಡುತ್ತೇನೆ. ಮೊದಮೊದಲು ನಮ್ಮ ಮನೆಯವಳು, ‘ರಾಗಿ ಬೀಸ್ತಾವ್ರೆ ಕಣ್ರೀ, ಬಂದು ಕೂತ್ಕಳಿ’ ಎನ್ನುತ್ತಿದ್ದಳು. ಈಗ ಏನೂ ಹೇಳುವುದಿಲ್ಲ, ನಾನು ಬರುವ ತನಕ ತಟ್ಟೆಗೆ ನೊಣ ಕೂರದ ಹಾಗೆ ಕೈಯಾಡಿಸುತ್ತಾ ಇರುತ್ತಾಳೆ. ಗುಡಿಯಲ್ಲಿ ಮಂಗಳಾರತಿ ಬಂದಾಗ ನಾನು ಕೈ ಮುಗಿಯುವುದಿಲ್ಲ. ಎರಡು ಅಂಗೈ ಹತ್ತಿರ ತಂದರೆ ಸಾಕು, ಆ ಕೋಣೆ ಕಣ್ಣ ಮುಂದೆ ಬರುತ್ತದೆ.

ಮರಿಯಮ್ಮನ ಮನೆಗೆ ವಾರಕ್ಕೊಂದು ದಿನ ಹೋಗುತ್ತೇನೆ. ಮುದುಕಿಗೆ ಮರೆವು, ಹೋದಾಗಲೆಲ್ಲ ಅದೇ ಮಾತು ಕೇಳುತ್ತಾಳೆ, ನನ್ ಮಗ ಕೂಗ್ಲಿಲ್ವಾ ಎಂದು. ಇಲ್ಲ ಕಣವ್ವ ಎನ್ನುತ್ತೇನೆ. ಸುಳ್ಳು. ಅವನು ಮೂರು ಸಲ ಕೂಗಿದ, ನಾನು ಎದುರಿಗೇ ನಿಂತು ಕೈ ಮುಗಿದುಕೊಂಡು ನೋಡುತ್ತಿದ್ದೆ.